ಶುಕ್ರವಾರ ಸಂಜೆಯಿಂದ ಅಜ್ಜಿ ಯಾಕೆ ಸ್ವಿಚ್ ಮುಟ್ಟುವುದಿಲ್ಲ?

ಪ್ರಶ್ನೆ: ನಾನು ಉಡುಪಿ ಕಡೆಯವಳು, ಕಥೋಲಿಕ್. ಜೆರುಸಲೇಂನಲ್ಲಿ ವಯಸ್ಸಾದ ಒಬ್ಬ ಯಹೂದಿ ಅಜ್ಜಿಯ ಮನೆಯಲ್ಲೇ ಇದ್ದು ಅವರನ್ನು ನೋಡಿಕೊಳ್ಳುತ್ತಿದ್ದೇನೆ. ಶುಕ್ರವಾರ ಸಂಜೆಯಿಂದ ಶನಿವಾರ ರಾತ್ರಿವರೆಗೆ ಅವರು ಯಾವ ಸ್ವಿಚ್ಚನ್ನೂ ಮುಟ್ಟುವುದಿಲ್ಲ. ಬಾತ್‌ರೂಮಿನ ಲೈಟ್ ರಾತ್ರಿಯಿಡೀ ಉರಿಯುತ್ತಿರುತ್ತದೆ. ಅಡುಗೆ ಬಿಸಿ ತಟ್ಟೆಯ ಮೇಲೆ ಮರುದಿನದವರೆಗೂ ಇರುತ್ತದೆ. ಲಿಫ್ಟ್ ತಾನಾಗಿಯೇ ಎಲ್ಲ ಮಹಡಿಯಲ್ಲೂ ನಿಲ್ಲುತ್ತದೆ. ಕೆಲವು ಸಲ ‘ಈ ಬೆಳಕಿಗೆ ನಿದ್ದೆ ಬರ್ತಿಲ್ಲ’ ಅನ್ನುತ್ತಾರೆ, ‘ಆರಿಸು’ ಅನ್ನುವುದಿಲ್ಲ. ಇದು ದೇವರಿಗೇ ಮೋಸ ಮಾಡಿದ ಹಾಗೆ ಅಲ್ವಾ? ಆದರೆ ಒಂದು ಶನಿವಾರ ಅಜ್ಜಿಗೆ ಎದೆ ನೋವು ಬಂತು. ಅವರ ಮಗ ಬಹಳ ದೈವಭಕ್ತ. ನಾನು ಪಕ್ಕದಲ್ಲೇ ನಿಂತಿದ್ದರೂ ನನಗೆ ಹೇಳದೆ ತಾನೇ ಫೋನ್ ತೆಗೆದು ಆಂಬ್ಯುಲೆನ್ಸ್ ಕರೆದರು. ಆಗ ನಿಯಮ ಎಲ್ಲಿ ಹೋಯಿತು? ಮತ್ತೆ, ಆ ಮನೆಯಲ್ಲಿ ನಾನು ಶನಿವಾರ ಫೋನ್ ಬಳಸಬಹುದಾ?

ಉತ್ತರ:

ಶಬ್ಬಾತ್ ಅನ್ನುವ ಈ ಪವಿತ್ರ ದಿನದ ಬಗ್ಗೆ ಪುಸ್ತಕ ಓದಿ ತಿಳಿದುಕೊಂಡವರಿಗಿಂತ ನೀವು ಹತ್ತಿರದಿಂದ ನೋಡಿದ್ದೀರಿ. ಹಾಗಾಗಿ ನಿಮ್ಮ ಪ್ರಶ್ನೆಗೆ ಬಾಯುಪಚಾರದ ಉತ್ತರ ಸಾಲದು. ಮೊದಲೇ ಹೇಳಿಬಿಡುತ್ತೇನೆ. ಅಜ್ಜಿ ದೇವರಿಗೆ ಮೋಸ ಮಾಡುತ್ತಿಲ್ಲ. ಅವರ ಮಗ ನಿಯಮ ಮುರಿಯಲೂ ಇಲ್ಲ. ಫೋನ್ ತೆಗೆದುಕೊಂಡಾಗ ಅವರು ಮಾಡಿದ್ದು ನಿಯಮದ ಪಾಲನೆಯೇ. ನಿಮಗೆ ಹೇಳದೆ ತಾನೇ ಮಾಡಿದರು ಅಂದಿರಲ್ಲ, ಅದಕ್ಕೂ ಒಂದು ಕಾರಣ ಇದೆ. ಅಲ್ಲಿಗೆ ಬರುತ್ತೇನೆ.

ನೀವು ಬೈಬಲ್‌ನಲ್ಲಿ ಓದಿದ ಸಬ್ಬತ್ ದಿನವೇ ಇದು. ನಮಗೆಲ್ಲ ಮೊದಲು ಹೊಳೆಯುವುದು ‘ದಣಿವಾರಿಸಿಕೊಳ್ಳುವ ದಿನ’ ಅಂತ. ಹಾಗೆ ನೋಡಿದರೆ ಸ್ವಿಚ್ ಒತ್ತಲು ಏನು ದಣಿವು ಅನ್ನಿಸುತ್ತದೆ. ಆದರೆ ಯಹೂದಿ ನಿಯಮದಲ್ಲಿ ದಣಿವು ಅಳತೆಗೋಲೇ ಅಲ್ಲ. ಮನೆಯೊಳಗೆ ಭಾರದ ಮೇಜನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಎಳೆದರೆ ತಪ್ಪಿಲ್ಲ. ಜೇಬಿನಲ್ಲಿ ಒಂದು ಕರ್ಚೀಫು ಇಟ್ಟುಕೊಂಡು ಬಯಲು ಬೀದಿಗೆ ಹೋದರೆ ತಪ್ಪು.

ಯಾಕೆ ಹೀಗೆ? ‘ಕೆಲಸ ಮಾಡಬಾರದು’ ಅಂತ ಬೈಬಲ್ ಹೇಳುತ್ತದೆ. ಯಾವ ಕೆಲಸ ಅಂತ ಬಿಡಿಸಿ ಹೇಳುವುದು ಬಹಳ ಕಮ್ಮಿ. ಆದರೆ ವಿಮೋಚನಕಾಂಡದ 31 ಮತ್ತು 35ನೇ ಅಧ್ಯಾಯ ತೆಗೆದು ನೋಡಿ. ದೇವರಿಗೆ ಗುಡಾರ ಕಟ್ಟುವ ಮಾತಿನ ಪಕ್ಕದಲ್ಲೇ ಸಬ್ಬತ್ತಿನ ಆಜ್ಞೆ ಬರುತ್ತದೆ. ಹಳೆಯ ಕಾಲದ ರಬ್ಬಿಗಳು, ಅಂದರೆ ಯಹೂದಿ ಧರ್ಮಗುರುಗಳು, ಇದನ್ನು ಹಿಡಿದುಕೊಂಡರು. ಆ ಗುಡಾರ ಕಟ್ಟಲು ಏನೇನು ಕೆಲಸ ಬೇಕಾಗಿತ್ತೋ, ಏಳನೆಯ ದಿನ ನಿಲ್ಲಿಸಬೇಕಾದದ್ದು ಅವನ್ನೇ ಅಂದರು. ಕ್ರಿ.ಶ. 200ರ ಸುಮಾರಿಗೆ ಸಂಕಲನವಾದ ಮಿಷ್ನಾ ಅನ್ನುವ ರಬ್ಬಿಗಳ ನಿಯಮಗ್ರಂಥದಲ್ಲಿ ಈ ಪಟ್ಟಿ ಇದೆ. ‘ನಲವತ್ತಕ್ಕೆ ಒಂದು ಕಮ್ಮಿ’ ಅಂತಲೇ ಅದು ಎಣಿಸುತ್ತದೆ. ಉಳುವುದು, ಬಿತ್ತುವುದು, ಕೊಯ್ಯುವುದು, ಕೇರುವುದು, ಹಿಟ್ಟು ಬೀಸುವುದು, ನಾದುವುದು, ಬೇಯಿಸುವುದು. ಉಣ್ಣೆ ಕತ್ತರಿಸುವುದು, ನೂಲುವುದು, ನೇಯುವುದು, ಹೊಲಿಯುವುದು, ಹರಿಯುವುದು. ಎರಡಕ್ಷರ ಬರೆಯುವುದು. ಕಟ್ಟುವುದು, ಕೆಡವುವುದು. ಬೆಂಕಿ ಹಚ್ಚುವುದು, ಆರಿಸುವುದು. ಒಂದು ಜಾಗದಿಂದ ಇನ್ನೊಂದಕ್ಕೆ ಹೊತ್ತೊಯ್ಯುವುದು. ಹೀಗೆ ಒಟ್ಟು 39.

ಎಲ್ಲವೂ ಮನುಷ್ಯ ಲೋಕವನ್ನು ತನಗೆ ಬೇಕಾದಂತೆ ಬದಲಿಸುವ ಕೆಲಸಗಳು. ವಾರಕ್ಕೆ ಒಂದು ದಿನ ಅದನ್ನು ನಿಲ್ಲಿಸು, ಲೋಕ ಇದ್ದ ಹಾಗೆ ಇರಲಿ, ನೀನೂ ಸುಮ್ನೆ ಇರು. ಇದೇ ಆ ದಿನದ ತಿರುಳು.

ಆ ಮನೆಯಲ್ಲಿ ನಿಮಗೆ ವಿಚಿತ್ರವಾಗಿ ಕಂಡಿರಬಹುದಾದ ಎಷ್ಟೋ ಸಣ್ಣ ಸಂಗತಿಗಳು ಈ ಪಟ್ಟಿಯಿಂದಲೇ ಬಂದವು. ಇಂಥ ಮನೆಗಳಲ್ಲಿ ಟಾಯ್ಲೆಟ್ ಪೇಪರನ್ನು ಶುಕ್ರವಾರವೇ ಹರಿದು ಪೆಟ್ಟಿಗೆಯಲ್ಲಿ ಇಟ್ಟಿರುತ್ತಾರೆ, ಯಾಕೆಂದರೆ ಹರಿಯುವುದು ಪಟ್ಟಿಯಲ್ಲಿದೆ. ಬಾಗಿಲು ತೆಗೆದ ಕೂಡಲೇ ಹತ್ತುತ್ತದೆ ಅಂತ ಫ್ರಿಜ್ಜಿನ ಒಳಗಿನ ಬಲ್ಬನ್ನು ಬಿಚ್ಚಿಟ್ಟಿರುತ್ತಾರೆ. ಮೀನು ತಿನ್ನುವಾಗಲೂ ನಿಯಮ ಇದೆ. ಆರಿಸುವುದು, ಅಂದರೆ ಅಕ್ಕಿಯಿಂದ ಕಲ್ಲು ತೆಗೆಯುವಂಥ ಕೆಲಸ, 39ರಲ್ಲಿ ಒಂದು. ಬೇಡದ್ದನ್ನು ಆರಿಸಿ ತೆಗೆಯಬಾರದು, ಬೇಕಾದದ್ದನ್ನು ಆಗಲೇ ತಿನ್ನಲು ಎತ್ತಿಕೊಳ್ಳಬಹುದು. ಯುರೋಪಿನಿಂದ ಬಂದ ಯಹೂದಿ ಮನೆಗಳಲ್ಲಿ ಮುಳ್ಳು ತೆಗೆದು ಅರೆದು ಉಂಡೆ ಮಾಡಿದ ಮೀನು ಶಬ್ಬಾತ್ ಊಟಕ್ಕೆ ಬಂದದ್ದರಲ್ಲಿ ಈ ನಿಯಮದ ಪಾಲೂ ಇದೆ.

ಇನ್ನು ಸ್ವಿಚ್ಚಿನ ವಿಷಯ. ‘ಸಬ್ಬತ್ ದಿನ ನಿಮ್ಮ ಮನೆಗಳಲ್ಲಿ ಬೆಂಕಿ ಹಚ್ಚಬಾರದು’ ಅಂತ ವಿಮೋಚನಕಾಂಡ 35:3 ಹೇಳುತ್ತದೆ. ವಿದ್ಯುತ್ ಬೆಂಕಿಯಾ? 19ನೇ ಶತಮಾನದ ಕೊನೆಯಲ್ಲಿ ಯುರೋಪಿನ ಮನೆಗಳಿಗೆ ಕರೆಂಟು ಬಂದಾಗ ರಬ್ಬಿಗಳ ಮುಂದೆ ಈ ಪ್ರಶ್ನೆ ಬಂತು. ಹಳೆಯ ಬಲ್ಬಿನೊಳಗೆ ಲೋಹದ ತಂತಿ ಕಾದು ಕೆಂಪಾಗಿ ಬೆಳಗುತ್ತದೆ. ಲೋಹವನ್ನು ಕೆಂಪಗೆ ಕಾಯಿಸುವುದೂ ಬೆಂಕಿ ಹಚ್ಚಿದ ಹಾಗೇ ಅಂತ 12ನೇ ಶತಮಾನದಲ್ಲೇ ಯಹೂದಿ ನಿಯಮಗಳ ಮಹಾಪಂಡಿತ ಮೈಮೊನಿಡಿಸ್ ಬರೆದಿಟ್ಟಿದ್ದರು. ಹಾಗಾಗಿ ಬಲ್ಬಿನ ಉತ್ತರ ಸುಲಭವಾಗಿ ಸಿಕ್ಕಿತು.

ಆದರೆ ಫ್ಯಾನು, ಟೆಲಿಫೋನು? ಅಲ್ಲಿ ಬೆಂಕಿ ಎಲ್ಲಿದೆ? ಇಲ್ಲಿಂದ ಮುಂದೆ ದೊಡ್ಡ ದೊಡ್ಡವರೇ ಬೇರೆ ಬೇರೆ ದಾರಿ ಹಿಡಿದರು. ಈಗಿನ ಉಕ್ರೇನಿನ ಲ್ವಿವ್ ಊರಿನಲ್ಲಿದ್ದ ರಬ್ಬಿ ಶ್ಮೆಲ್ಕಿಸ್, ಇಲ್ಲದ ಕರೆಂಟನ್ನು ಹುಟ್ಟಿಸಿದಂತಾಗುತ್ತದೆ, ಅದೇ ತಪ್ಪು ಅಂದರು. ಬಟ್ಟೆಗೆ ಹೊಸದಾಗಿ ಸುಗಂಧ ಹತ್ತಿಸಬಾರದು ಅನ್ನುವ ತಾಲ್ಮುಡ್ಡಿನ (ರಬ್ಬಿಗಳ ಚರ್ಚೆಗಳ ಹಳೆಯ ಸಂಗ್ರಹ) ಮಾತನ್ನು ಅದಕ್ಕೆ ಆಧಾರ ಮಾಡಿಕೊಂಡರು. ಇಸ್ರೇಲ್‌ನ ಬ್ನೇ ಬ್ರಾಕ್ ಊರಿನಲ್ಲಿದ್ದ, ಹಝೋನ್ ಇಶ್ ಅಂತಲೇ ಹೆಸರಾದ ರಬ್ಬಿ (1878–1953) ‘ಕಡಿದ ತಂತಿ ಸೇರಿಸಿದರೆ ಅದು ಕಟ್ಟಡ ಕಟ್ಟಿದ ಹಾಗೆ’ ಅಂದರು. ಜೆರುಸಲೇಂನ ರಬ್ಬಿ ಶ್ಲೋಮೊ ಝಲ್ಮಾನ್ ಆವರ್‌ಬಾಖ್ (1910–1995) ಇವೆರಡನ್ನೂ ಒಪ್ಪಲಿಲ್ಲ. ಕಾವು, ಬೆಳಕು ಇಲ್ಲದ ಕಡೆ ಬರೀ ಕರೆಂಟನ್ನು ನಿಷೇಧಿಸಲು ಗಟ್ಟಿ ಆಧಾರ ಕಾಣುವುದಿಲ್ಲ, ಆದರೂ ಎಲ್ಲರೂ ಬಿಟ್ಟಿರುವಾಗ ರೂಢಿಯನ್ನು ಮುರಿಯಬಾರದು ಅಂದರು. ಈ ವಿಷಯದ ಮೇಲೆ ಅವರ ಗ್ರಂಥ 1935ರಲ್ಲಿ ಬಂತು. ಆಗ ಅವರಿಗೆ ಸುಮಾರು 25 ವರ್ಷ. ಈಗ ಮನೆ ತುಂಬಾ ಎಲ್‌ಇಡಿ. ಅದರಲ್ಲಿ ಕೆಂಪಗೆ ಕಾಯುವ ತಂತಿಯೇ ಇಲ್ಲ. ಆದರೂ ಸಂಪ್ರದಾಯಸ್ಥ ಮನೆಗಳಲ್ಲಿ ಅದನ್ನೂ ಮುಟ್ಟುವುದಿಲ್ಲ.

ಎಲ್ಲರ ತೀರ್ಮಾನ ಒಂದೇ, ಕಾರಣ ಮಾತ್ರ ಒಬ್ಬೊಬ್ಬರದು ಒಂದೊಂದು. ಇದನ್ನು ದೌರ್ಬಲ್ಯ ಅಂತ ನಗುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ‘ಶಬ್ಬಾತ್ ನಿಯಮಗಳು ಕೂದಲೆಳೆಯಲ್ಲಿ ತೂಗುವ ಬೆಟ್ಟಗಳು, ಗ್ರಂಥದ ಮಾತು ಕಮ್ಮಿ, ನಿಯಮ ಜಾಸ್ತಿ’ ಅಂತ ಮಿಷ್ನಾ ತಾನೇ ಹೇಳಿಕೊಳ್ಳುತ್ತದೆ. ತಮ್ಮ ಬುಡ ಎಷ್ಟು ಸಣ್ಣದು ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಎಲ್ಲ ಯಹೂದಿಯರೂ ಹೀಗೇ ಅಂದುಕೊಳ್ಳಬೇಡಿ. ಶನಿವಾರ ಟೆಲ್ ಅವಿವ್ ಕಡಲತೀರಕ್ಕೆ ಹೋದರೆ ಕಾಣುವುದು ಬೇರೆಯೇ ಲೋಕ. ಅಮೆರಿಕದಲ್ಲಿ ಕನ್ಸರ್ವೇಟಿವ್ ಅನ್ನುವ, ಸಂಪ್ರದಾಯಸ್ಥರಿಗಿಂತ ಸಡಿಲವಾದ ಪಂಥದ ರಬ್ಬಿಗಳ ನಿಯಮ ಸಮಿತಿಯಲ್ಲಿ ಬಹುಪಾಲು ಜನ 1950ರಲ್ಲೇ ಶಬ್ಬಾತ್ ದಿನ ವಿದ್ಯುತ್ ಬಳಸಲು, ಪ್ರಾರ್ಥನೆಗೆ ಕಾರಿನಲ್ಲಿ ಹೋಗಲು ಒಪ್ಪಿದರು. ನಾನು ಹೇಳುತ್ತಿರುವುದು ನಿಮ್ಮ ಅಜ್ಜಿಯಂಥ ಸಂಪ್ರದಾಯಸ್ಥರ ಮಾತು.

ಈಗ ‘ಮೋಸ’ದ ಪ್ರಶ್ನೆ. ಬೆಂಕಿ ಹಚ್ಚಬಾರದು ಅಂದಮೇಲೆ ಮೊದಲೇ ಹಚ್ಚಿಟ್ಟು ಆ ಬೆಳಕಲ್ಲಿ ಕೂರುವುದು, ಬೇಯಿಸಬಾರದು ಅಂದಮೇಲೆ ಬೇಯಿಸಿದ್ದನ್ನು ರಾತ್ರಿಯಿಡೀ ಬಿಸಿಯಾಗಿ ಇಡುವುದು ಕಳ್ಳದಾರಿ ಅಲ್ವಾ ಅಂತ ನೀವು ಕೇಳಿದ್ದೀರಿ. ಇದೇ ಪ್ರಶ್ನೆಯನ್ನು ಸಾವಿರ ವರ್ಷಕ್ಕೂ ಹಿಂದೆ ಯಹೂದಿಯರಲ್ಲೇ ಒಂದು ಗುಂಪು ಕೇಳಿತು. ಅವರು ಕರಾಯಿಟರು. ರಬ್ಬಿಗಳ ವ್ಯಾಖ್ಯಾನ ನಮಗೆ ಬೇಡ, ಗ್ರಂಥದಲ್ಲಿ ಬರೆದದ್ದಷ್ಟೇ ಸಾಕು ಅಂದವರು. ‘ಮನೆಯಲ್ಲಿ ಬೆಂಕಿ ಕೂಡದು’ ಅನ್ನುವ ಮಾತನ್ನು ಅವರ ಹಿರಿಯರು ಅಕ್ಷರಶಃ ತೆಗೆದುಕೊಂಡರು. ಮೊದಲೇ ಹಚ್ಚಿದ ದೀಪವಾದರೂ ಆ ದಿನ ಉರಿಯುತ್ತಿರಬಾರದು. ಶುಕ್ರವಾರ ಕತ್ತಲಾಗುವ ಮೊದಲು ಎಲ್ಲ ಆರಿಸಿ ಕತ್ತಲಲ್ಲಿ ಕೂರುತ್ತಿದ್ದರು. ಚಳಿಗಾಲದಲ್ಲೂ ಬೆಂಕಿ ಇಲ್ಲ, ಊಟ ತಣ್ಣಗೆ. ಕೆಲವು ಶತಮಾನ ಕಳೆದ ಮೇಲೆ ಅವರಲ್ಲೇ ಬಹಳ ಜನ ದೀಪಕ್ಕೆ ಒಪ್ಪಿಕೊಂಡರು.

ರಬ್ಬಿಗಳ ಕಡೆಯವರು ಇದಕ್ಕೆ ಪೂರ್ತಿ ಉಲ್ಟಾ ನಿಂತರು. ದೇವರು ನಿಲ್ಲಿಸು ಅಂದದ್ದು ಹಚ್ಚುವ ಕೆಲಸವನ್ನು, ಬೆಳಕನ್ನಲ್ಲ ಅಂದರು. ಶಬ್ಬಾತ್ ಸಂತೋಷದ ದಿನ. ಕತ್ತಲಲ್ಲಿ ಎಡವಿಕೊಂಡು, ತಣ್ಣನೆ ಊಟ ಮಾಡಿ ಏನು ಸಂತೋಷ? ಆದ್ದರಿಂದ ಶುಕ್ರವಾರ ಸಂಜೆ ದೀಪ ಹಚ್ಚುವುದು ಬರೀ ಅನುಮತಿಯಾಗಿ ಉಳಿಯಲಿಲ್ಲ, ಕರ್ತವ್ಯವೇ ಆಯಿತು. ಬಿಸಿ ಊಟದ ವಿಷಯದಲ್ಲಂತೂ 12ನೇ ಶತಮಾನದ ರಬ್ಬಿ ಝೆರಾಖ್ಯಾ ಹಲೇವಿ, ಶಬ್ಬಾತ್ ದಿನ ಬಿಸಿ ತಿನ್ನದವನ ನಂಬಿಕೆಯನ್ನೇ ಅನುಮಾನಿಸಬೇಕು ಅನ್ನುವಷ್ಟು ದೂರ ಹೋದರು.

ಅಂದರೆ ನಿಮ್ಮ ಅಜ್ಜಿ ಪ್ಲಾಟಾ ಅನ್ನುವ ಆ ಬಿಸಿ ತಟ್ಟೆಯ ಮೇಲೆ ಪಾತ್ರೆ ಇಟ್ಟು ಮಲಗುವಾಗ ಯಾರ ಕಣ್ಣಿಗೂ ಮಣ್ಣೆರಚುತ್ತಿಲ್ಲ. ಬಹಳ ಹಳೆಯ ಒಂದು ಜಗಳದಲ್ಲಿ ತಮ್ಮ ಪಕ್ಷ ಯಾವುದು ಅಂತ ತೋರಿಸುತ್ತಿದ್ದಾರೆ. ಶನಿವಾರ ಮಧ್ಯಾಹ್ನ ಆ ಪಾತ್ರೆಯ ಮುಚ್ಚಳ ತೆಗೆದಾಗ ಬರುವ ಘಮ ನಿಮಗೆ ಗೊತ್ತೇ ಇರುತ್ತದೆ. ಪೋಲೆಂಡ್, ರಷ್ಯಾ ಕಡೆಯಿಂದ ಬಂದ ಮನೆಯಾದರೆ ಬೀನ್ಸ್, ಬಾರ್ಲಿ, ಆಲೂಗಡ್ಡೆ, ಮಾಂಸ ಹಾಕಿದ ಚೋಲೆಂಟ್. ಇರಾಕಿ ಮನೆಯಾದರೆ ಕೋಳಿಯ ಹೊಟ್ಟೆಗೆ ಅನ್ನ ತುಂಬಿ ಬೇಯಿಸಿದ ತ್ಬೀತ್. ಯಹೂದಿಯರು ನೆಲೆಸಿದ ಕಡೆಯೆಲ್ಲ ರಾತ್ರಿಯಿಡೀ ಸಣ್ಣ ಕಾವಿನಲ್ಲಿ ಬೇಯುವ ಒಂದು ಅಡುಗೆ ಹುಟ್ಟಿದ್ದು ಈ ನಿಯಮದಿಂದಲೇ.

ಇದರ ಹಿಂದೆ ಇನ್ನೂ ಆಳವಾದ ಒಂದು ನಂಬಿಕೆ ಇದೆ. ದೇವರು ಗ್ರಂಥ ಕೊಟ್ಟು, ಅದನ್ನು ಬಿಡಿಸಿ ನೋಡುವ ಕೆಲಸವನ್ನು ಮನುಷ್ಯರಿಗೇ ಒಪ್ಪಿಸಿದ ಅನ್ನುವ ನಂಬಿಕೆ. ತಾಲ್ಮುಡ್‌ನಲ್ಲಿ ಒಂದು ಒಲೆಯ ಶುದ್ಧಿಯ ಬಗ್ಗೆ ವಾದ ನಡೆಯುತ್ತದೆ. ಒಂಟಿಯಾಗಿ ನಿಂತ ರಬ್ಬಿ ಎಲೀಯೆಜರ್ ಪವಾಡ ತೋರಿಸುತ್ತಾರೆ. ಮರ ಕಿತ್ತು ದೂರ ಹೋಗುತ್ತದೆ, ನೀರು ಹಿಂದಕ್ಕೆ ಹರಿಯುತ್ತದೆ. ಕೊನೆಗೆ ಆಕಾಶವಾಣಿಯೇ ‘ಅವನು ಹೇಳಿದ್ದೇ ಸರಿ’ ಅನ್ನುತ್ತದೆ. ಆಗ ರಬ್ಬಿ ಯೆಹೋಶುವಾ ಎದ್ದು ನಿಂತು ಧರ್ಮೋಪದೇಶಕಾಂಡದ ಮಾತನ್ನೇ ಹೇಳುತ್ತಾರೆ: ‘ಅದು ಆಕಾಶದಲ್ಲಿಲ್ಲ.’ ಬಹುಮತದ ತೀರ್ಪೇ ನಿಲ್ಲುತ್ತದೆ. ಆ ಕಥೆ ಅಲ್ಲಿಗೆ ಸುಖಾಂತ್ಯವಾಗುವುದಿಲ್ಲ. ಎಲೀಯೆಜರರನ್ನು ಬಹಿಷ್ಕರಿಸಿದ ನೋವನ್ನೂ, ಅದರಿಂದಾದ ಅನಾಹುತವನ್ನೂ ತಾಲ್ಮುಡ್ ಮುಚ್ಚಿಡದೆ ಹೇಳುತ್ತದೆ. ಆದರೆ ನಿಮ್ಮ ಪ್ರಶ್ನೆಗೆ ಬೇಕಾದ ಅಂಶ ಇಲ್ಲಿದೆ. ನಿಯಮದ ಒಳಗೆ ದಾರಿ ಹುಡುಕುವುದು ಅವರ ಪಾಲಿಗೆ ದೇವರಿಂದ ತಪ್ಪಿಸಿಕೊಳ್ಳುವ ಕೆಲಸ ಅಲ್ಲ, ದೇವರು ಕೊಟ್ಟ ಕೆಲಸ.

ಲಿಫ್ಟಿನದ್ದೂ ಹಾಗೇ. ಗುಂಡಿ ಒತ್ತದೆ ಹತ್ತುವುದಕ್ಕೆ ಎಷ್ಟೋ ರಬ್ಬಿಗಳ ಒಪ್ಪಿಗೆ ಇದೆ. ಇಸ್ರೇಲ್‌ನಲ್ಲಿ ಒಂದಕ್ಕಿಂತ ಜಾಸ್ತಿ ಲಿಫ್ಟ್ ಇರುವ ಹೊಸ ವಸತಿ ಕಟ್ಟಡಗಳಲ್ಲಿ ಒಂದಕ್ಕೆ ಈ ವ್ಯವಸ್ಥೆ ಇರಬೇಕು ಅಂತ 2001ರಲ್ಲಿ ಕಾನೂನೇ ಬಂತು. ಆದರೆ ಇಳಿಯುವಾಗ ಒಳಗಿರುವವರ ಭಾರ ಮೋಟರಿಗೆ ನೆರವಾಗುತ್ತದೆ, ಹತ್ತಬಹುದು ಇಳಿಯಬಾರದು ಅನ್ನುವವರಿದ್ದಾರೆ. 2009ರಲ್ಲಿ ರಬ್ಬಿ ಎಲ್ಯಾಶಿವ್ ಮತ್ತು ಇನ್ನು ಕೆಲವರು ಪೂರ್ತಿಯಾಗಿಯೇ ಬೇಡ ಅಂದರು. ಅಜ್ಜಿ ಹತ್ತುತ್ತಾರೆ ಅಂದರೆ ಅವರ ಮನೆಯವರು ಒಪ್ಪುವ ರಬ್ಬಿ ಅನುಮತಿ ಕೊಟ್ಟಿದ್ದಾರೆ ಅಂತ ಅರ್ಥ. ನೀವು ಅವರನ್ನು ವೀಲ್‌ಚೇರಿನಲ್ಲಿ ಹೊರಗೆ ಕರೆದುಕೊಂಡು ಹೋಗುವುದಾದರೆ ತಲೆಯೆತ್ತಿ ನೋಡಿ. ಊರಿನ ಸುತ್ತ ಕಂಬದಿಂದ ಕಂಬಕ್ಕೆ ತಂತಿ ಎಳೆದಿರುತ್ತಾರೆ. ಎರಡು ಕಂಬ, ಮೇಲೊಂದು ತಂತಿ ಸೇರಿದರೆ ಅದು ಬಾಗಿಲಿನ ಚೌಕಟ್ಟು ಅಂತ ಲೆಕ್ಕ. ಅದರೊಳಗೆ ಇಡೀ ಊರು ಒಂದೇ ಅಂಗಳದ ಹಾಗೆ, ಸಾಮಾನು ಹೊತ್ತು ಓಡಾಡಬಹುದು. ತಂತಿ ಎಲ್ಲೂ ಕಡಿದಿಲ್ಲ ಅಂತ ವಾರವಾರ ನೋಡಿ ಬರುವ ಜನರೂ ಇದ್ದಾರೆ.

ಈಗ ನಿಮಗೆ ನೇರವಾಗಿ ಸಂಬಂಧಪಟ್ಟ ಮಾತು. ಅಜ್ಜಿ ನಿಮಗೆ ಬಾಯಿಬಿಟ್ಟು ಹೇಳುವುದಿಲ್ಲ ಯಾಕೆ?

ತಾನು ಮಾಡಬಾರದ ಕೆಲಸವನ್ನು ಯಹೂದಿಯಲ್ಲದವರಿಂದ ಹೇಳಿ ಮಾಡಿಸಬಾರದು ಅಂತ ರಬ್ಬಿಗಳು ನಿಯಮ ಮಾಡಿದರು. ನಿಯಮದ ಬಿಗಿಯೆಲ್ಲ ಅಜ್ಜಿಯ ಮೇಲೆ, ನಿಮ್ಮ ಮೇಲೆ ಏನೂ ಇಲ್ಲ. ನಿಮಗಾಗಿ ನೀವು ದೀಪ ಹಚ್ಚಿಕೊಂಡರೆ ಆ ಬೆಳಕಲ್ಲಿ ಅವರು ಕೂರಬಹುದು. ಅವರಿಗಾಗಿಯೇ ಹಚ್ಚಿದರೆ ಕೂರಬಾರದು. ಮಿಷ್ನಾದಲ್ಲಿ ಇದಕ್ಕೆ ಒಂದು ಘಟನೆ ಇದೆ. ರಬ್ಬಾನ್ ಗಮಲೀಯೇಲ್ ಮತ್ತು ಕೆಲವು ಹಿರಿಯರು ಹಡಗಿನಲ್ಲಿ ಬಂದರು, ಅವತ್ತು ಶಬ್ಬಾತ್. ಯಹೂದಿಯಲ್ಲದ ಒಬ್ಬ ಇಳಿಯಲು ಹಲಗೆ ಜೋಡಿಸಿದ. ಅವನು ತನಗಾಗಿ ಮಾಡಿಕೊಂಡದ್ದು ಅಂತ ಅವರೂ ಅದರ ಮೇಲೆಯೇ ಇಳಿದರು. ಹಾಗಾಗಿ ನೀವು ನಿಮ್ಮ ಪುಸ್ತಕ ಓದಲು ಹಾಲಿನ ಲೈಟ್ ಹಾಕಿಕೊಂಡರೆ, ಅಜ್ಜಿ ಅಲ್ಲೇ ಕೂತು ಪ್ರಾರ್ಥನೆ ಪುಸ್ತಕ ತೆಗೆಯಲು ಅಡ್ಡಿಯಿಲ್ಲ.

‘ಬೆಳಕಿಗೆ ನಿದ್ದೆ ಬರ್ತಿಲ್ಲ’ ಅನ್ನುವ ಮಾತೂ ಹೀಗೆ ಅಳೆದು ಆಡಿದ್ದು. ಇರುವ ಸ್ಥಿತಿ ಹೇಳಬಹುದು, ಅಪ್ಪಣೆ ಕೊಡಬಾರದು. ಆರಿಸುವ ವಿಷಯದಲ್ಲಿ ಈ ಸೂಚನೆಗೆ ಅವಕಾಶ ಜಾಸ್ತಿ, ಹಚ್ಚುವ ವಿಷಯದಲ್ಲಿ ಕಮ್ಮಿ. ಹೊರಗಿನಿಂದ ನೋಡಿದರೆ ಇದು ಕೂದಲು ಸೀಳುವ ಕೆಲಸ ಅನ್ನಿಸುವುದು ಸಹಜ. ಆದರೆ ಅಪ್ಪಣೆ ಕೊಡುವ ಅಭ್ಯಾಸವನ್ನೇ ವಾರಕ್ಕೊಂದು ದಿನ ಬಿಡಬೇಕಾದ ಒಬ್ಬ ಹೆಂಗಸು ನಿಮ್ಮ ಎದುರಿಗಿದ್ದಾರೆ ಅಂತಲೂ ಇದನ್ನು ನೋಡಬಹುದು.

ಕಾಯಿಲೆ ಇದ್ದರೆ ಲೆಕ್ಕವೇ ಬೇರೆ. ಪ್ರಾಣಕ್ಕೆ ಅಪಾಯ ಇಲ್ಲದಿದ್ದರೂ ಹಾಸಿಗೆ ಹಿಡಿದ ರೋಗಿಯ ಆರೈಕೆಗೆ ಬೇಕಾದ್ದನ್ನು ನಿಮಗೆ ನೇರವಾಗಿ ಹೇಳಿ ಮಾಡಿಸಬಹುದು. 16ನೇ ಶತಮಾನದ ನಿಯಮಸಂಗ್ರಹ ಶುಲ್ಹಾನ್ ಅರೂಖ್‌ನಲ್ಲಿ ನನಗೆ ಬಹಳ ಇಷ್ಟವಾದ ಒಂದು ಮಾತಿದೆ. ‘ಚಳಿಯ ವಿಷಯದಲ್ಲಿ ಎಲ್ಲರೂ ರೋಗಿಗಳೇ.’ ಹಾಗಾಗಿ ಕೊರೆಯುವ ಚಳಿಯಲ್ಲಿ ಬೆಂಕಿ ಮಾಡಿಕೊಡು ಅಂತ ಕೇಳಬಹುದು. ಜೆರುಸಲೇಂ ಚಳಿಗಾಲದಲ್ಲಿ ಹೀಟರ್ ವಿಷಯಕ್ಕೆ ಅಜ್ಜಿ ಸಂಕೋಚಪಟ್ಟರೆ ಅವರ ಮಗನನ್ನು ಒಮ್ಮೆ ಕೇಳಿ ನೋಡಿ.

ಇನ್ನೊಂದು ಮಾತನ್ನು ನೀವು ಕೇಳಲಿಲ್ಲ, ಆದರೆ ಹೇಳಲೇಬೇಕು. ಹತ್ತು ಆಜ್ಞೆಗಳು ಬೈಬಲ್‌ನಲ್ಲಿ ಎರಡು ಕಡೆ ಬರುತ್ತವೆ. ವಿಮೋಚನಕಾಂಡದಲ್ಲಿ ಶಬ್ಬಾತ್‌ಗೆ ಕಾರಣ ಸೃಷ್ಟಿ, ಆರು ದಿನದ ಕೆಲಸದ ನಂತರ ದೇವರು ವಿಶ್ರಮಿಸಿದ. ಧರ್ಮೋಪದೇಶಕಾಂಡದ 5ನೇ ಅಧ್ಯಾಯದಲ್ಲಿ ಕಾರಣ ಬೇರೆ. ನೀನು ಈಜಿಪ್ಟಿನಲ್ಲಿ ದಾಸನಾಗಿದ್ದೆ, ಮರೆಯಬೇಡ. ಆದ್ದರಿಂದ ನಿನ್ನ ದಾಸನೂ ದಾಸಿಯೂ ನಿನ್ನ ಹಾಗೇ ವಿಶ್ರಮಿಸಲಿ. ಎತ್ತು, ಕತ್ತೆ, ನಿನ್ನ ಊರಲ್ಲಿರುವ ಪರದೇಶಿ ಎಲ್ಲರ ಹೆಸರೂ ಅಲ್ಲಿದೆ. ಪರದೇಶದಿಂದ ಬಂದು ಆ ಮನೆಯಲ್ಲಿ ದುಡಿಯುವ ನೀವು ಆ ವಾಕ್ಯದೊಳಗೇ ಇದ್ದೀರಿ. ನಿಮ್ಮ ವಾರದ ರಜೆ ಯಾರ ಉಪಕಾರವೂ ಅಲ್ಲ. ಒಪ್ಪಂದದಲ್ಲಿ ರಜೆಯ ದಿನ ಯಾವುದು ಅಂತ ನೋಡಿಕೊಳ್ಳಿ. ಭಾನುವಾರದ ಪೂಜೆಗೆ ಹೋಗಬೇಕಿದ್ದರೆ ಕೇಳಲು ಹಿಂಜರಿಯಬೇಡಿ. ಶಬ್ಬಾತ್ ಪಾಲಿಸುವ ಮನೆಗೆ ಇದನ್ನು ಬಿಡಿಸಿ ಹೇಳುವ ಅಗತ್ಯ ಬೀಳಬಾರದು. ಬಿದ್ದರೆ ಈ ಅಧ್ಯಾಯವನ್ನೇ ತೋರಿಸಿ.

ಈಗ ಎದೆ ನೋವಿನ ದಿನಕ್ಕೆ ಬರೋಣ.

ನಿಮ್ಮ ಕಥೋಲಿಕ ಬೈಬಲ್‌ನಲ್ಲಿ ಮಕ್ಕಬಿಯರ ಮೊದಲ ಗ್ರಂಥ ಇದೆ, 2ನೇ ಅಧ್ಯಾಯ ಓದಿ. ಕ್ರಿ.ಪೂ. 167ರ ಸುಮಾರು. ಗ್ರೀಕ್ ಅರಸನ ಸೈನ್ಯಕ್ಕೆ ಹೆದರಿ ಬೆಂಗಾಡಿನ ಗುಹೆಗಳಲ್ಲಿ ಅಡಗಿದ್ದ ಯಹೂದಿಯರ ಮೇಲೆ ಶಬ್ಬಾತ್ ದಿನವೇ ದಾಳಿ ಆಯಿತು. ಇವತ್ತು ಕೈಯೆತ್ತಬಾರದು ಅಂತ ಅವರು ಒಂದು ಕಲ್ಲನ್ನೂ ಎಸೆಯಲಿಲ್ಲ. ಹೆಂಡತಿ ಮಕ್ಕಳು ಸೇರಿ ಸುಮಾರು ಸಾವಿರ ಜನ ಸತ್ತರು ಅಂತ ಗ್ರಂಥ ಹೇಳುತ್ತದೆ. ಸುದ್ದಿ ಕೇಳಿದ ಯಹೂದಿಯರ ಮುಂದಾಳು ಮತ್ತತೀಯ ಮತ್ತು ಅವನ ಕಡೆಯವರು, ಎಲ್ಲರೂ ಹೀಗೇ ಮಾಡಿದರೆ ನಾವ್ಯಾರೂ ಉಳಿಯುವುದಿಲ್ಲ ಅಂದರು. ಶಬ್ಬಾತ್ ದಿನ ಮೇಲೆ ಬಿದ್ದವರ ಜೊತೆ ಹೋರಾಡುವುದು ಅಂತ ತೀರ್ಮಾನಿಸಿದರು.

ರಬ್ಬಿಗಳು ಇದನ್ನು ಇನ್ನೂ ವಿಸ್ತರಿಸಿದರು. ಯಾಜಕಕಾಂಡ 18:5 ಹೇಳುತ್ತದೆ, ಈ ನಿಯಮಗಳನ್ನು ಪಾಲಿಸಿ ಮನುಷ್ಯ ಬದುಕಬೇಕು. ಬದುಕಬೇಕು, ಸಾಯಬೇಕು ಅಂತಲ್ಲ ಅಂದರು ತಾಲ್ಮುಡ್ ಪಂಡಿತರು. ಪ್ರಾಣಾಪಾಯ ಖಚಿತ ಆಗಿರಬೇಕು ಅಂತಲೂ ಇಲ್ಲ, ಅನುಮಾನ ಇದ್ದರೂ ಸಾಕು. ಮಿಷ್ನಾದ ಉದಾಹರಣೆ ನೋಡಿ. ಗೋಡೆ ಕುಸಿದಿದೆ. ಕೆಳಗೆ ಯಾರಾದರೂ ಇದ್ದಾರೋ ಇಲ್ಲವೋ ಗೊತ್ತಿಲ್ಲ. ಇದ್ದರೂ ಬದುಕಿದ್ದಾರೋ ಇಲ್ಲವೋ ಗೊತ್ತಿಲ್ಲ. ಯಹೂದಿಯೋ ಅಲ್ಲವೋ ಅದೂ ಗೊತ್ತಿಲ್ಲ. ಆದರೂ ಅಗೆದು ತೆಗೆಯಬೇಕು. ಇನ್ನೊಬ್ಬ ರಬ್ಬಿಯ ಮಾತು ನಿಮಗೆ ಎಲ್ಲೋ ಕೇಳಿದ ಹಾಗೆ ಅನ್ನಿಸಬಹುದು: ‘ಶಬ್ಬಾತನ್ನು ನಿಮಗೆ ಒಪ್ಪಿಸಲಾಗಿದೆ, ನಿಮ್ಮನ್ನು ಶಬ್ಬಾತ್‌ಗೆ ಒಪ್ಪಿಸಿಲ್ಲ.’ ಮಾರ್ಕನ ಸುವಾರ್ತೆಯ 2ನೇ ಅಧ್ಯಾಯದಲ್ಲಿ ಯೇಸು ಆಡುವ ಮಾತಿಗೆ ಎಷ್ಟು ಹತ್ತಿರ ಇದೆ ನೋಡಿ. ಯಹೂದಿಯರು ಜೀವಕ್ಕಿಂತ ನಿಯಮವೇ ದೊಡ್ಡದು ಅನ್ನುವವರು ಅಂತ ನಮ್ಮಲ್ಲಿ ಕೆಲವು ಪ್ರವಚನಗಳಲ್ಲಿ ಹೇಳುವುದುಂಟು. ಅದು ಅನ್ಯಾಯದ ಮಾತು.

ಹಾಗಾದರೆ ಪಕ್ಕದಲ್ಲೇ ಇದ್ದ ನಿಮಗೆ ಹೇಳದೆ ಮಗ ತಾನೇ ಯಾಕೆ ಫೋನ್ ತೆಗೆದರು? ನಿಮ್ಮ ಪತ್ರದಲ್ಲಿ ನನ್ನ ಮನಸ್ಸು ಹಿಡಿದದ್ದು ಇದೇ. ಬೇರೆ ಶನಿವಾರ ನಿಮ್ಮ ಕೈಯಿಂದ ಕೆಲಸ ಆಗಲಿ ಅಂತ ಕಾಯುವವರು ಅವತ್ತು ಕಾಯಲಿಲ್ಲ. ಇದು ಗಾಬರಿಯಿಂದ ಆದದ್ದಲ್ಲ. ತಾಲ್ಮುಡ್‌ನಲ್ಲಿ, ಮುಂದೆ ಮೈಮೊನಿಡಿಸ್ ಬರಹದಲ್ಲಿ ಸ್ಪಷ್ಟವಾಗಿ ಇದೆ. ಪ್ರಾಣಾಪಾಯದಲ್ಲಿ ಶಬ್ಬಾತ್ ಮೀರುವ ಕೆಲಸವನ್ನು ಯಹೂದಿಯಲ್ಲದವರಿಗೂ ಮಕ್ಕಳಿಗೂ ವಹಿಸಬಾರದು, ಸಮುದಾಯದ ದೊಡ್ಡವರು, ತಿಳಿದವರೇ ಮುಂದೆ ನಿಂತು ಮಾಡಬೇಕು. ಇಲ್ಲದಿದ್ದರೆ ಜೀವ ಉಳಿಸುವುದು ಏನೋ ಒಂದು ಪಾಪ, ಅದನ್ನು ಬೇರೆಯವರ ತಲೆಗೆ ಕಟ್ಟಬೇಕು ಅಂತ ಜನ ತಿಳಿದುಕೊಂಡುಬಿಡುತ್ತಾರೆ. ರಬ್ಬಿಯ ಹತ್ತಿರ ಓಡಿಹೋಗಿ ‘ಮಾಡಬಹುದಾ’ ಅಂತ ಕೇಳುತ್ತಾ ಹೊತ್ತು ಕಳೆಯುವವನು ರಕ್ತ ಹರಿಸಿದವನಿಗೆ ಸಮ ಅಂತ ಶುಲ್ಹಾನ್ ಅರೂಖ್ ಹೇಳುತ್ತದೆ.

ಮೈಮೊನಿಡಿಸ್ ಸ್ವತಃ ಕೈರೋದಲ್ಲಿ ವೈದ್ಯರಾಗಿದ್ದರು.  ಶಬ್ಬಾತ್‌ನಲ್ಲಿ ಜೀವ ಉಳಿಸುವ ಈ ನಿಯಮ ಬರೆಯುವಾಗ ಅವರು ಒಂದು ಸಾಲು ಸೇರಿಸುತ್ತಾರೆ. ಧರ್ಮದ ನಿಯಮಗಳು ಲೋಕದ ಮೇಲೆ ಸೇಡು ತೀರಿಸಿಕೊಳ್ಳಲು ಬಂದವಲ್ಲ, ಅವು ಕರುಣೆ, ಪ್ರೀತಿ, ಶಾಂತಿ ತರಲು ಬಂದವು ಅಂತ. ವಾರವೆಲ್ಲ ಬಿಗಿಯಾಗಿ ನಿಯಮ ಪಾಲಿಸಿದ ಆ ಮಗ ಕೈ ನಡುಗಿಸದೆ ಫೋನ್ ತೆಗೆದದ್ದು ಆ ಬಿಗಿಯಿಂದಲೇ. ಸ್ವಿಚ್ ಮುಟ್ಟಬೇಡ ಅಂದ ಗ್ರಂಥವೇ ಅವತ್ತು ಫೋನ್ ಮಾಡು ಅಂದಿತು.

ನಮ್ಮ ಕರಾವಳಿಯದೇ ಒಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಕೊಂಕಣ ತೀರದಲ್ಲಿ, ಮುಂಬೈಗೆ ದಕ್ಷಿಣದ ಹಳ್ಳಿಗಳಲ್ಲಿ, ಬೆನೆ ಇಸ್ರಾಯೇಲರು ಅನ್ನುವ ಯಹೂದಿಯರು ಶತಮಾನಗಳ ಕಾಲ ಇದ್ದರು. ಗಾಣದಲ್ಲಿ ಎಣ್ಣೆ ತೆಗೆಯುವುದು ಅವರಲ್ಲಿ ಬಹಳ ಜನರ ಕಸುಬು. ಶನಿವಾರ ಮಾತ್ರ ಗಾಣ ನಿಲ್ಲುತ್ತಿತ್ತು. ಅಕ್ಕಪಕ್ಕದವರು ಅವರನ್ನು ‘ಶನಿವಾರ ತೇಲಿ’ಗಳು ಅಂತಲೇ ಕರೆದರು, ಶನಿವಾರ ಬಿಡುವ ಗಾಣಿಗರು. ಹೊರಗಿನ ಯಹೂದಿ ಲೋಕದ ಜೊತೆ ಸಂಪರ್ಕ ತಪ್ಪಿಹೋಗಿತ್ತು. ತಾಲ್ಮುಡ್ ಅವರ ಕೈಯಲ್ಲಿರಲಿಲ್ಲ. ಒಂದು ಸಣ್ಣ ಪ್ರಾರ್ಥನೆ, ಸುನ್ನತಿ, ಕೆಲವು ಊಟದ ನಿಯಮ, ಹಬ್ಬಗಳ ನೆನಪು ಮತ್ತು ಶನಿವಾರ, ಉಳಿದದ್ದು ಹೆಚ್ಚುಕಮ್ಮಿ ಇಷ್ಟೇ. ಅಷ್ಟರಿಂದಲೇ ಅವರು ಯಾರು ಅಂತ ಗುರುತು ಸಿಕ್ಕಿತು. 1948ರ ನಂತರ ಬಹಳ ಜನ ಇಸ್ರೇಲ್‌ಗೆ ಹೋದರು. ಅಲ್ಲಿನ ರಬ್ಬಿಗಳು ಮದುವೆಯ ವಿಷಯದಲ್ಲಿ ಅವರ ಯಹೂದಿತನವನ್ನೇ ಪ್ರಶ್ನಿಸಿದರು. ಬೆನೆ ಇಸ್ರಾಯೇಲರು ಬೀದಿಗಿಳಿದು ಹೋರಾಡಿದರು. 1964ರಲ್ಲಿ ಅಲ್ಲಿನ ಸರ್ಕಾರ ಅವರು ಎಲ್ಲ ರೀತಿಯಲ್ಲೂ ಯಹೂದಿಯರೇ ಅಂತ ಹೇಳಿತು. ಡಿಮೋನಾ, ಅಶ್ದೋದ್ ಕಡೆ ಹೋದರೆ ಮರಾಠಿ ಮಾತಾಡುವ ಹಿರಿಯರು ನಿಮಗೆ ಸಿಕ್ಕಾರು.

ನಿಮ್ಮ ಫೋನಿನ ವಿಷಯ. ಧಾರಾಳವಾಗಿ ಬಳಸಿ. ನಿಮಗೆ ಶಬ್ಬಾತ್ ನಿಯಮ ಅನ್ವಯಿಸುವುದಿಲ್ಲ, ಅಜ್ಜಿಯೂ ಅದನ್ನು ನಿರೀಕ್ಷಿಸುವುದಿಲ್ಲ. ನಿಮ್ಮ ಕೋಣೆಯಲ್ಲಿ ಬಳಸಿದರೆ ಒಳ್ಳೆಯದು. ಊಟದ ಮೇಜಿನ ಹತ್ತಿರ ಬೇಡ. ಅವರ ಕೈಗೆ ಕೊಡಬೇಡಿ, ಆ ದಿನ ಬಳಸಬಾರದ ವಸ್ತುವನ್ನು ಅವರು ಮುಟ್ಟುವುದೂ ಇಲ್ಲ. ಮೇಣದ ಬತ್ತಿ, ಬಟ್ಟೆ ಮುಚ್ಚಿದ ಎರಡು ರೊಟ್ಟಿ, ವೈನಿನ ಲೋಟ ಎಷ್ಟು ಚೆಂದ ಕಂಡರೂ ಫೋಟೋ ತೆಗೆಯಬೇಡಿ. ಶನಿವಾರ ಮೂರು ನಕ್ಷತ್ರ ಕಂಡು, ಹೆಣೆದ ಬತ್ತಿ ಹಚ್ಚಿ, ಮಸಾಲೆಯ ಪರಿಮಳ ಮೂಸಿ ಶಬ್ಬಾತನ್ನು ಕಳಿಸಿಕೊಟ್ಟ ಮೇಲೆ ಬೇಕಾದರೆ ಜೊತೆಗೆ ಒಂದು ತೆಗೆಸಿಕೊಳ್ಳಿ.

ಶುಕ್ರವಾರ ಜೆರುಸಲೇಂನಲ್ಲಿ ಶಬ್ಬಾತ್ ಸೈರನ್ ಕೂಗುವುದಕ್ಕೆ ಮೊದಲು ಒಂದು ಸುತ್ತು ಹಾಕಿಬಿಡಿ. ಬಾತ್‌ರೂಮಿನ ಲೈಟ್ ಹತ್ತಿದೆಯಾ, ಟೈಮರ್ ಸರಿಯಾಗಿದೆಯಾ, ಪ್ಲಾಟಾ ಬಿಸಿಯಾಗಿದೆಯಾ ನೋಡಿ. ಶ್ರವಣ ಸಾಧನ ಇದ್ದರೆ ಆಗಲೇ ಆನ್ ಮಾಡಿ ಹಾಕಿಸಿ, ಆನ್ ಆಗಿರುವುದನ್ನು ಧರಿಸಲು ಬಹುತೇಕ ರಬ್ಬಿಗಳ ಒಪ್ಪಿಗೆ ಇದೆ. ಮಾತ್ರೆಗಳ ವಿಷಯವನ್ನು ಮಗನ ಹತ್ತಿರ ಮಾತಾಡಿಕೊಂಡು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಕಾಯಿಲೆಯವರಿಗೆ ಔಷಧಿಗೆ ತಡೆಯಿಲ್ಲ. ಇನ್ನೊಮ್ಮೆ ಎದೆ ನೋವು ಬಂದು ಮನೆಯಲ್ಲಿ ನೀವೊಬ್ಬರೇ ಇದ್ದರೆ ಯಾರನ್ನೂ ಕೇಳಲು ಹೋಗಬೇಡಿ, ಅಜ್ಜಿ ಬೇಡ ಅಂದರೂ ಕಾಯಬೇಡಿ. ತಕ್ಷಣ 101ಕ್ಕೆ ಫೋನ್ ಮಾಡಿ. ಶನಿವಾರವೂ ಆಂಬ್ಯುಲೆನ್ಸ್ ಬರುತ್ತದೆ.